ಕೂಗಿಗೆ ದಾರಿ ಬಿಡ್ರಿ

ಹೆಂಗೆ ಶುರು ಮಾಡಲಿ ಅಂತ ತಿಳಿಯದೆ ಬೆಳಗಿನಿಂದ ಮೂರು ಹಾಳೆ ಹಾಳುಮಾಡಿದ್ದೇನೆ. ನಮ್ಮಜ್ಜಿ ಅಂಜಿನವ್ವನಿಗೆ ಈ ಕಷ್ಟವೇ ಇಲ್ಲ. ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ, "ಹ್ಞೂಂ ಅಂತೀರೋ ಇಲ್ಲೋ?" ಅಂತ ಕೇಳುತ್ತಾಳೆ. ನಾವು ಹ್ಞೂಂ ಅಂದ ಮೇಲೆಯೇ ರಾಜ ಹುಟ್ಟಬೇಕು, ರಾಣಿ ಮುನಿಸಿಕೊಳ್ಳಬೇಕು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತದೆ. ನಾನು ಚಿಕ್ಕವಳಿದ್ದಾಗ ಒಮ್ಮೆ ನಮ್ಮಣ್ಣ ನಡುವೆ ನಿದ್ದೆಹೋದ. ಪಾಪ, ಒಬ್ಬ ರಾಜಕುಮಾರ ಎಂಟು ದಿನ ಬಾವಿಯೊಳಗೇ ಇರಬೇಕಾಯಿತು.

ನೀವು ಹ್ಞೂಂ ಅಂದದ್ದು ನನಗೆ ಕೇಳಿಸುವುದಿಲ್ಲ. ಅಂದಿರಿ ಅಂತಲೇ ತಿಳಿದು ಮುಂದಕ್ಕೆ ಹೋಗುತ್ತೇನೆ.

೧

ದಾವಣಗೆರೆಯಲ್ಲಿ ಉಡಚಮ್ಮ ಎಂಬ ತಂದೆಯಿಲ್ಲದ ಹುಡುಗಿ ಇದ್ದಳು. ಅವಳ ಕಂಠದಲ್ಲಿ ಕೋಗಿಲೆ…

(ಈ ಹಾಳೆ ಹರಿದದ್ದು ನಾನಲ್ಲ. ಉಡಚಮ್ಮನೇ.)

"ಅಕ್ಕಾ, ನಮ್ಮಪ್ಪನ್ನ ಯಾಕ ಸಾಯಿಸಿದ್ರಿ?"

"ಓದೋರಿಗೆ ಕರುಳು ಚುರುಕ್ ಅನ್ನಲಿ ಅಂತ."

"ನಮ್ಮಪ್ಪ ಗಟ್ಟಿಮುಟ್ಟಾಗಿ ಅದಾನೆ. ಭಾನುವಳ್ಳಿಗೆ ಗೋಡೆ ಕಟ್ಟಾಕೆ ಹೋಗ್ಯಾನೆ. ಬಂದ ಮ್ಯಾಲೆ ತಾನು ಸತ್ತಿದ್ದು ಓದಿದ್ರೆ ನಾನೇನು ಹೇಳ್ಲಿ? ಮತ್ತೆ ಕೋಗಿಲೆ ಅಂತೆ! ಕೋಗಿಲೆಗೇನು ತಾಳ ಗೊತ್ತೈತಾ?"

ಅಪ್ಪನನ್ನು ಬದುಕಿಸಿದೆ. ಕೋಗಿಲೆಯನ್ನು ಹಾರಿಬಿಟ್ಟೆ. (ಈ ಕಥೆಯಲ್ಲಿ ಅಪ್ಪನಿಗೆ ಬೇರೆ ಕೆಲಸವಿಲ್ಲ. ಭಾನುವಳ್ಳಿಯಲ್ಲಿ ಗೋಡೆ ಕಟ್ಟುತ್ತ ಇರಲಿ.)

೨

ಹಾಗಾದರೆ ಫಾರಂನಿಂದ ಶುರು ಮಾಡೋಣ. ಕಥೆಯನ್ನು ನಂಬದವರೂ ಫಾರಂ ನಂಬುತ್ತಾರೆ.

ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿ. ಸಂಗೀತ ಶಾಲೆಗಳಲ್ಲಿ ಕಲಿಯುವವರಿಗಾಗಿ ಹರಿಹರದ ಒಂದು ಸಂಗೀತ ಸಭೆ ಸ್ಪರ್ಧೆ ಇಟ್ಟಿತು. ಗೆಲ್ಲುವವರು ಒಬ್ಬರೇ. ಅವರಿಗೆ ಧಾರವಾಡದಲ್ಲಿ ಎರಡು ವರ್ಷ ದೊಡ್ಡ ಗುರುಗಳ ಹತ್ತಿರ ತಾಲೀಮು, ಇರಲು ಜಾಗ, ತಿಂಗಳು ತಿಂಗಳು ವಿದ್ಯಾರ್ಥಿವೇತನ. ಫಾರಂನ ಹಿಂದುಗಡೆ ಹನ್ನೊಂದು ನಿಯಮಗಳಿದ್ದವು. ಎಲ್ಲವನ್ನೂ ಬರೆದು ನಿಮ್ಮನ್ನು ಓಡಿಸುವುದಿಲ್ಲ. ಮೂರನ್ನು ಮಾತ್ರ ನೆನಪಿಟ್ಟುಕೊಳ್ಳಿ.

ನಿಯಮ ೪: ಸ್ಪರ್ಧಿ ಪರದೆಯ ಹಿಂದೆ ಕೂತು ಹಾಡತಕ್ಕದ್ದು. ತೀರ್ಪುಗಾರರಿಗೆ ನಂಬರು ಬಿಟ್ಟು ಹೆಸರು, ಕುಲ, ಮುಖ ಯಾವುದೂ ತಿಳಿಯಕೂಡದು.

ನಿಯಮ ೭: ಹಾಡನ್ನು ನಡುವೆ ನಿಲ್ಲಿಸಿದವರು ಸ್ಪರ್ಧೆಯಿಂದ ಹೊರಗೆ.

ನಿಯಮ ೯: ಎಲ್ಲಿಯಾದರೂ ನೌಕರಿಗೆ ಸೇರಿದವರಿಗೆ ಈ ವೇತನ ಸಲ್ಲದು.

ಒಂಬತ್ತನೆಯದೇ ಕಂಟಕ. ಉಡಚಮ್ಮನ ಅವ್ವ ಕೆಂಚಕ್ಕ ಮಿಲ್ಲಿನಲ್ಲಿ ನೂಲು ಸುತ್ತುತ್ತಾಳೆ. ಮಗಳಿಗೂ ಒಂದು ಜಾಗ ಕೊಡಿ ಅಂತ ಮೇಸ್ತ್ರಿಯನ್ನು ಒಂದು ವರ್ಷ ಕಾಡಿದ್ದಳು. ಕೊಟ್ಟನಂತೆ, ಸ್ಪರ್ಧೆಯ ವಾರವೇ.

"ಶನಿವಾರ ಬೇಕಾದ್ರೆ ಹರಿಹರಕ್ಕೆ ಹೋಗು, ಹಾಡು, ಕುಣಿ," ಅಂದಳು ಕೆಂಚಕ್ಕ. "ಸೋಮವಾರ ಮಿಲ್ಲಿನ ಏಳೂವರೆ ಕೂಗು ನಿಲ್ಲೋದ್ರಾಗೆ ಗೇಟಿನ ಒಳಗೆ ಇರ್ಬೇಕು. ಇಲ್ಲಂದ್ರೆ ಆ ಜಾಗ ಬ್ಯಾರೆ ಹುಡುಗಿಗೆ. ಹಾಡಿಗೆ ಹೊಟ್ಟೆ ಇಲ್ಲ ಕಣೇ, ನಮಗೈತೆ."

(ಕೆಂಚಕ್ಕನನ್ನು ಕೆಟ್ಟವಳನ್ನಾಗಿ ಮಾಡಲು ನೋಡಿದೆ. ಆಗಲಿಲ್ಲ. ಹಾಗೆ ಅಂದವಳೇ ಮಗಳ ಗಂಟಲಿಗೆ ಅಂತ ಶುಂಠಿ ಜಜ್ಜಲು ಕೂತಳು.)

೨, ಇನ್ನೊಮ್ಮೆ

ಮಾಸ್ತರರನ್ನು ಮರೆತೆ. ಉಡಚಮ್ಮ ಕಲಿಯುವ ಸಂಗೀತ ಶಾಲೆಯ ನಬೀ ಸಾಬ್ ಹಿಂದೆ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಿದ್ದವರು. ಬೆಳ್ಳಗಿನ ಉದ್ದ ಗಡ್ಡ ನೀವುತ್ತ ಅವರು…

"ಏ ತಂಗೀ, ನನಗ ಗಡ್ಡ ಎಲ್ಲಿತ್ತವ್ವಾ?"

"ಗುರುಗಳಿಗೆ ಗಡ್ಡ ಇದ್ದರೆ ಚೆಂದ ಅಂತ, ಮಾಸ್ತರೇ."

"ದಿನಾ ಬೋಳಿಸ್ತೀನಿ. ನಮ್ಮ ಮನೆಯಾಕಿ ಸುಗ್ರಾಬಿ ಓದಿದ್ರೆ 'ಯಾವ ನಬೀ ಸಾಬ್ ಕತಿ ಇದು' ಅಂತಾಳೆ. ತೆಗಿ, ತೆಗಿ."

ಬೋಳಿಸಿದೆ.

ಶಾಲೆ ಅಂದರೆ ಮಾಳಿಗೆಯ ಮೇಲೆ ಒಂದೇ ಕೋಣೆ. ಕಿಟಕಿ ತೆಗೆದರೆ ಎದುರಿಗೇ ಮಿಲ್ಲಿನ ಗೋಡೆ, ಗೋಡೆಯ ಮೇಲೆ ಪಾಳಿಗೆ ಕರೆಯುವ ಸೈರನ್ನು, ಊರಿನವರ ಬಾಯಲ್ಲಿ ಕೂಗು. ಅದು ಬಾಯಿ ತೆಗೆಯಿತೋ, ಪಕ್ಕದವನು ಕಿವಿಯಲ್ಲಿ ಕಿರುಚಿದರೂ ಕೇಳದು. ಹೊಸಬರು ಅದರ ಮೇಲೆ ಹಾಡಲು ಹೋಗಿ ಗಂಟಲು ಹರಿದುಕೊಳ್ಳುತ್ತಿದ್ದರು. ನಬೀ ಸಾಬರು ಪೆಟ್ಟಿಗೆಯ ತಿದಿ ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೂಡುತ್ತಿದ್ದರು. ಅವರು ಕಲಿಸಿದ ಮೊದಲ ಪಾಠವೇ ಇದು:

"ಕೂಗಿಗೆ ದಾರಿ ಬಿಡ್ರಿ. ತಾಳ ಮಾತ್ರ ಬಿಡಬ್ಯಾಡ್ರಿ."

(ಸಂಗೀತ ಗೊತ್ತಿಲ್ಲದವರಿಗೆ: ಹದಿನಾರು ಮಾತ್ರೆಯ ತಾಳ. ಹದಿನಾರು ಎಣಿಸಿ ಮತ್ತೆ ಒಂದಕ್ಕೆ ಬಂದರೆ ಒಂದು ಆವರ್ತನ. ಆ ಒಂದಕ್ಕೆ ಸಮ್ ಅಂತಾರೆ. ಊರೆಲ್ಲ ಸುತ್ತಿದ ಹಾಡು ಮನೆಯ ಹೊಸ್ತಿಲು ತುಳಿಯುವ ಗಳಿಗೆ. ಸಂಗೀತ ಗೊತ್ತಿದ್ದವರಿಗೆ: ಸುಮ್ಮನೆ ಹ್ಞೂಂ ಅನ್ನಿ.)

ದಾವಣಗೆರೆಯ ಆ ಕೂಗು ಸರಿಯಾಗಿ ನಾಲ್ಕು ಆವರ್ತನ. ಮಕ್ಕಳು ಬಾಯಿ ಮುಚ್ಚಿ ಬೆರಳು ಮಡಚುತ್ತ ಕಾಯುವರು. ಕೂಗು ಮುಗಿಯುವುದಕ್ಕೂ ಎಲ್ಲರೂ ಒಟ್ಟಿಗೆ ಸಮ್ಮಿಗೆ ಬಂದು ಬೀಳುವುದಕ್ಕೂ ಸರಿಹೋಗುತ್ತಿತ್ತು. ಎಂಟು ವರ್ಷ ಹೀಗೇ ಕಲಿತ ಉಡಚಮ್ಮನಿಗೆ, ಲೋಕದಲ್ಲಿ ಎಲ್ಲರೂ ಹೀಗೇ ಹಾಡುತ್ತಾರೆ ಅಂತ ನಂಬಿಕೆ. ಊಟ ಮಾಡುವಾಗ ಬಿಕ್ಕಳಿಕೆ ಬಂದರೆ ನೀರು ಕುಡಿಯುವುದಿಲ್ಲವೇ, ಹಾಗೆ.

೪

(ಮೂರು ಎಲ್ಲಿ ಅಂದಿರಾ? ಅದು ಸಭೆಯ ಅಧ್ಯಕ್ಷರ ಭಾಷಣ. ಹುಮ್ಮಸ್ಸಿನಲ್ಲಿ ಎರಡು ಪುಟ ಬರೆದಿದ್ದೆ, ಆಮೇಲೆ ಬೇಸರವಾಗಿ ಹೊಡೆದುಹಾಕಿದೆ. ಆದರೆ ಕಳೆದ ಹೊತ್ತು ವಾಪಸ್ ಬರಲಿಲ್ಲ. ಹನ್ನೊಂದಕ್ಕೆ ಹಾಡಬೇಕಾದ ಹುಡುಗಿಗೆ ಹನ್ನೆರಡಾಯಿತು. ಮುಂದೆ ಆಗುವುದಕ್ಕೆಲ್ಲ ಆ ಎರಡು ಪುಟವೇ ಕಾರಣ. ಈಗಲೇ ಒಪ್ಪಿಕೊಂಡುಬಿಡುತ್ತೇನೆ.)

ಶನಿವಾರ. ಹರಿಹರದ ಒಂದು ಛತ್ರ. ಪರದೆ ಬೇಕಲ್ಲ, ಸಭೆಯ ಕಾರ್ಯದರ್ಶಿ ಕರಿಬಸವರಾಜ ನಾಟಕದ ಕಂಪನಿಯೊಂದರಿಂದ ಅಡವಿ ಸೀನಿನ ಪರದೆ ಇಸಕೊಂಡು ಬಂದಿದ್ದ. ಅದರ ನಟ್ಟನಡುವೆ ಒಂದು ಸಿಂಹ. ಬರೆದವನು ಸಿಂಹ ಕಂಡವನಲ್ಲ. ಕಂಪನಿಯ ಮಾಲೀಕರ ಮುಖಕ್ಕೇ ಕೇಸರ ಅಂಟಿಸಿ, ಮೀಸೆಯನ್ನೂ ಉಳಿಸಿದ್ದ. ಒಂದನೇ ನಂಬರು ಹಾಡಿದಾಗ ಸಿಂಹ ಹಾಡಿತು. ಎರಡನೆಯದು ಹಾಡಿದಾಗಲೂ ಸಿಂಹವೇ ಹಾಡಿತು. ಜನ ಸಿಂಹಕ್ಕೇ ಚಪ್ಪಾಳೆ ಹೊಡೆದರು. ಮೂವರು ತೀರ್ಪುಗಾರರಲ್ಲಿ ಎಲ್ಲರಿಗಿಂತ ಹಿರಿಯರು ಅದರ ಕಣ್ಣು ತಪ್ಪಿಸಿ ಕೂತವರು ಹಾಗೇ ತೂಕಡಿಸಿದರು.

"ಏಳನೇ ನಂಬರ್, ಒಳಗೆ ಬರ್ರಿ!" ಕರಿಬಸವರಾಜ ಕೂಗಿದ. ಹಿಂದೆಯೇ ಬಂದ ನಬೀ ಸಾಬರನ್ನು ತಡೆದ. "ಸಾಬ್ರೇ, ನೀವು ಹೊರಗೆ ಕೂಡ್ರಿ. ರೂಲು ರೂಲೇ."

ಪರದೆಯ ಹಿಂದೆ ಉಡಚಮ್ಮ, ತಂಬೂರಿ ಮೀಟುವವನೊಬ್ಬ, ತಬಲದ ಗುತ್ತೆಪ್ಪ. ಸಿಂಹದ ಬೆನ್ನ ಕಡೆ ಬಣ್ಣವಿಲ್ಲ, ಬರೇ ಗೋಣಿಯಂಥ ಬಟ್ಟೆ. ಅವಳು ಮಧ್ಯಾಹ್ನದ ರಾಗ ಸಾರಂಗ ಎತ್ತಿಕೊಂಡಳು. ಎರಡು ಆವರ್ತನಕ್ಕೇ ಛತ್ರ ತಣ್ಣಗಾಯಿತು. ಹೊಳೆಯ ಕಡೆಯಿಂದ ಗಾಳಿ ಬಂದಂತೆ, ಅಂತ ಬರೆಯಬೇಕೆಂದಿದ್ದೆ…

ಬರೆಯುವುದರೊಳಗೆ ಹರಿಹರದ ಕಾರ್ಖಾನೆಯ ಹನ್ನೆರಡು ಗಂಟೆಯ ಕೂಗು ಎದ್ದಿತು.

ಉಡಚಮ್ಮ ಬಾಯಿ ಮುಚ್ಚಿದಳು.

"ಮುಚ್ಚಬೇಡ!" ನಾನು ಇಲ್ಲಿಂದಲೇ ಕಿರುಚಿದೆ. "ನಿಯಮ ಏಳು! ಹಾಡೇ, ಹಾಡು!" ಅವಳಿಗೆ ಕೇಳಿಸಲಿಲ್ಲ. ಕೂಗಲ್ಲವೇ.

ಅವಳ ಬೆರಳುಗಳು ಮಡಚುತ್ತಿದ್ದವು. ಗುತ್ತೆಪ್ಪ ಗಾಬರಿಯಿಂದ ಅವಳ ಮುಖ ನೋಡಿದ, ಬೆರಳು ನೋಡಿದ, ಕೈ ಎತ್ತಿ ಸುಮ್ಮನಾದ. ಮೊದಲ ಆವರ್ತನ. ಎರಡನೆಯದು. ಆದರೆ ಹರಿಹರದ ಕೂಗು ದಾವಣಗೆರೆಯ ಕೂಗಲ್ಲ. ಮೂರನೆಯದರ ಏಳನೇ ಮಾತ್ರೆಗೇ ಗಪ್ಪನೆ ನಿಂತುಬಿಟ್ಟಿತು.

ಈಗ ಛತ್ರದಲ್ಲಿ ಏನೂ ಇಲ್ಲ. ಕೂಗೂ ಇಲ್ಲ, ಹಾಡೂ ಇಲ್ಲ. ಸಿಂಹ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದೆ. ಎಂಟು. ಒಂಬತ್ತು. ಆ ನಿಶ್ಶಬ್ದಕ್ಕೆ ಹಿರಿಯ ತೀರ್ಪುಗಾರರಿಗೆ ಎಚ್ಚರವಾಯಿತು. ಹನ್ನೊಂದು. ಕರಿಬಸವರಾಜನ ಕೈ ಗಂಟೆಯ ಕಡೆ ಹೋಯಿತು. ಹದಿಮೂರು. ಹೊರಗೆ ಕಟ್ಟೆಯ ಮೇಲೆ ನಬೀ ಸಾಬರ ಅಂಗೈ ತಮ್ಮ ತೊಡೆಯ ಮೇಲೆ. ಹದಿನೈದು. ಹದಿನಾರು.

ಸಮ್ಮಿಗೆ ಉಡಚಮ್ಮನ ದನಿಯೂ ಗುತ್ತೆಪ್ಪನ ಎಡಗೈಯೂ ಒಂದೇ ಏಟಿಗೆ ಬಿದ್ದವು. ಅವನೂ ಎಣಿಸುತ್ತಿದ್ದ!

ಅವಳು ಹಾಡು ಮುಗಿಸಿದಾಗ ಚಪ್ಪಾಳೆ ಬೀಳಲಿಲ್ಲ. ಹೊಡೆಯಬಹುದೋ ಬಾರದೋ ಅಂತ ಜನ ಕರಿಬಸವರಾಜನ ಮುಖ ನೋಡಿದರು.

೫

"ನಿಲ್ಲಿಸಿದಳು. ರೂಲು ಏಳು. ಹೊರಗೆ," ಅಂದರು ಮೊದಲನೆಯ ತೀರ್ಪುಗಾರರು.

"ಬಾಯಿ ನಿಲ್ಸಿದ್ಲು, ಹಾಡು ನಿಲ್ಸಲಿಲ್ಲ," ಅಂದರು ಎರಡನೆಯವರು. "ನಿಲ್ಸಿದ್ರೆ ಅಷ್ಟು ಕರಾರುವಾಕ್ಕಾಗಿ ಬರೋಕೆ ಹೆಂಗಾಗ್ತಿತ್ತು?"

ಇಬ್ಬರೂ ಹಿರಿಯರ ಕಡೆ ತಿರುಗಿದರು. ಅವರು ಪ್ರಾಮಾಣಿಕರು. "ಕೂಗಿನ ಮುಂಚೆ ನಾನು ನಿದ್ದೆಯಲ್ಲಿದ್ದೆ," ಅಂದರು. "ಎಚ್ಚರ ಆದಾಗ ಯಾರೂ ಹಾಡ್ತಿರಲಿಲ್ಲ. ಆದರೆ ಏನೋ ನಡೀತಿತ್ತು. ಒಂದು ದಿನ ವಿಚಾರ ಮಾಡಿ ಹೇಳ್ತೀನಿ."

"ಫಲಿತಾಂಶ ಟಪಾಲಿನಾಗೆ ಬರ್ತೈತೆ," ಅಂತ ಕರಿಬಸವರಾಜ ಸಾರಿದ. "ಸೋಮವಾರ ಹತ್ತು ಗಂಟೆ ಟಪಾಲಿಗೆ."

ಸೋಮವಾರ ಹತ್ತಕ್ಕೆ. ಗೇಟಿನ ಕೂಗು ಏಳೂವರೆಗೆ.

ವಾಪಸ್ ಬರುವ ರೈಲಿನಲ್ಲಿ ಗುರು ಶಿಷ್ಯೆ ಎದುರುಬದುರು ಕೂತರು. ಆಮೇಲೆ ಉಡಚಮ್ಮ, "ನಾನು ನಿಲ್ಲಿಸ್ಲಿಲ್ಲ ಮಾಸ್ತರೇ," ಅಂದಳು.

"ಗೊತ್ತೈತವ್ವಾ. ಹೊರಗ ಕೂತು ನಾನೂ ನಿನ್ನ ಜೋಡಿನೇ ಸಮ್ಮಿಗೆ ಬಂದೆ." ನಬೀ ಸಾಬರು ಕಿಟಕಿಯ ಹೊರಗೆ ನೋಡಿದರು. "ಬ್ಯಾರೆ ಊರಾಗ ಕೂಗಿಗೆ ಯಾರೂ ಹಾಡು ನಿಲ್ಸಲ್ಲ ಅಂತ ಹೇಳಿಕೊಡ್ಲಿಲ್ಲ ನಾನು. ನನ್ನ ಕಸೂರು. ನನಗಾದ್ರೂ ಎಲ್ಲಿ ಗೊತ್ತಿತ್ತು?"

ಕೊನೆ, ಒಂದು

ಭಾನುವಾರ ಇದಿಷ್ಟನ್ನು ಅಜ್ಜಿಗೆ ಓದಿ ಹೇಳಿದೆ. "ಗೆದ್ಲು ಅಂತ ಬರಿ, ಊಟಕ್ಕೆ ಏಳು," ಅಂದಳು. ಬರೆದೆ. ಟಪಾಲು ಬಂತು, ಉಡಚಮ್ಮ ಧಾರವಾಡಕ್ಕೆ ಹೋದಳು, ದೊಡ್ಡ ಗಾಯಕಿಯಾದಳು. ಓದಿದ ಉಡಚಮ್ಮ ಮೂಗು ಮುರಿದಳು. "ಟಪಾಲು ಹತ್ತಕ್ಕಲ್ಲವಾ? ಏಳೂವರೆಯಿಂದ ಹತ್ತರ ತನಕ ನಾನು ಎಲ್ಲಿದ್ದೆ? ಅದನ್ನ ಬರೀರಿ ಮೊದ್ಲು."

ಕೊನೆ, ಎರಡು

ಗೇಟಿನೊಳಗೆ ಹೋದಳು. ಹೆಸರು ಬರೆಸಿದಳು. ಹತ್ತಕ್ಕೆ ಗೆದ್ದ ಕಾಗದ ಬಂತು, ನಿಯಮ ಒಂಬತ್ತು ಅದನ್ನು ತಿಂದುಹಾಕಿತು. ಓದುಗರೆಲ್ಲ ಅತ್ತರು. ಕೆಂಚಕ್ಕ ಅಳಲಿಲ್ಲ, ನನ್ನ ಮೇಲೆ ರೇಗಿದಳು: "ಯಾಕ್ರಿ, ಮಿಲ್ಲಿಗೆ ಹೋದೋರ ಕತಿ ಅಲ್ಲಿಗೇ ಮುಗೀತಾ? ನಾನು ಹದಿನೆಂಟು ವರ್ಷದಿಂದ ಹೋಗ್ತಾ ಅದೀನಿ. ನನ್ನ ಕತಿ ಮುಗಿದೈತಾ?"

ಹೊಡೆದುಹಾಕಿದೆ.

ಕೊನೆ, ಮೂರು

ಗೇಟಿಗೆ ಬೆನ್ನು ಹಾಕಿ ಮನೆಗೆ ಬಂದಳು. ಮಿಲ್ಲಿನ ಜಾಗ ಹೋಯಿತು. ಹತ್ತಕ್ಕೆ ಸೋತ ಕಾಗದ ಬಂತು. ಇದನ್ನು ನಾನು ಪೂರ್ತಿ ಬರೆಯಲೇ ಇಲ್ಲ. ಪೆನ್ನಿನಲ್ಲಿ ಶಾಯಿ ಇತ್ತು. ಧೈರ್ಯ ಇರಲಿಲ್ಲ.

ಕೊನೆ ಅಲ್ಲ

ಸೋಮವಾರ. ಏಳು ಇಪ್ಪತ್ತೊಂಬತ್ತು. ಮಿಲ್ಲಿನ ಗೇಟಿನ ಎದುರು ರಸ್ತೆಯಾಚೆ ಉಡಚಮ್ಮ. ಕೆಂಚಕ್ಕ ಆಗಲೇ ಒಳಗೆ ಹೋಗಿದ್ದಾಳೆ. ಹೋಗುವ ಮುಂಚೆ ಮಗಳ ಕೈಗೆ ಬುತ್ತಿ ಕೊಟ್ಟು, "ಎಲ್ಲಿ ಕೂತು ತಿಂತೀಯೋ ನೀನೇ ನೋಡು," ಅಂದಳು. ಅಷ್ಟೇ. ಬೈದಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಶಾಲೆಯ ಮಾಳಿಗೆಯ ಕಿಟಕಿ ತೆರೆದಿದೆ. ನಬೀ ಸಾಬರು ಕೆಳಗೆ ನೋಡುತ್ತಿಲ್ಲ. ನೋಡಬಾರದೆಂದೇ ಅತ್ತ ಮುಖಮಾಡಿ ಕೂತಿದ್ದಾರೆ.

ಕೂಗು ಎದ್ದಿತು.

"ಉಡಚೀ, ಒಳಗೆ ಹೋಗ್ತೀಯೋ, ಮನೆಗೋ? ನನಗಾದರೂ ಹೇಳು."

ಈ ಸಲ ಅವಳಿಗೆ ಕೇಳಿಸಿತು. ತಿರುಗಿ ನೋಡಿದಳು. ಹೆದರಿದ್ದಳು. ಆದರೆ ಬೆರಳುಗಳು ಆಗಲೇ ಮಡಚತೊಡಗಿದ್ದವು.

"ಅಕ್ಕಾ, ಸುಮ್ನಿರ್ರಿ. ಕೂಗಿಗೆ ದಾರಿ ಬಿಡ್ರಿ. ಸಮ್ ಬರ್ಲಿ."

ಮೂರು ಆವರ್ತನ ಮುಗಿದವು. ನಾನು ಪೆನ್ನು ಎತ್ತಿ ಹಿಡಿದಿದ್ದೇನೆ. ಗುತ್ತೆಪ್ಪ ಕೈ ಎತ್ತಿ ಹಿಡಿದಿದ್ದನಲ್ಲ, ಹಾಗೆ. ಅಡಿಗೆಮನೆಯಿಂದ ಅಜ್ಜಿ, "ಆಮ್ಯಾಲೆ ಏನಾಯ್ತೇ?" ಅಂತ ಕೇಳುತ್ತಿದ್ದಾಳೆ. ಹಾಗೆ ಕೇಳುವ ಸರದಿ ಅವಳದಾದದ್ದು ಇದೇ ಮೊದಲು. ಮುಂದಿನ ಸಮ್ ನನ್ನ ಕೈಯಲ್ಲಿಲ್ಲ. ಅದು ಬಂದಾಗ ನೀವು ಹ್ಞೂಂ ಅನ್ನಿ, ಉಡಚಮ್ಮ ಕಾಲು ಕೀಳುತ್ತಾಳೆ. ಯಾವ ಕಡೆಗೆ ಅಂತ ಅವಳ ಕಾಲಿಗೆ ಗೊತ್ತು.

ನಾಲ್ಕನೇ ಆವರ್ತನ. ಹನ್ನೆರಡು. ಹದಿಮೂರು. ಗೇಟಿನವನು ಬಾಗಿಲಿಗೆ ಕೈ ಹಾಕಿದ. ಹದಿನಾಲ್ಕು. ಬುತ್ತಿ ಇನ್ನೂ ಬಿಸಿಯಾಗಿದೆ. ಹದಿನೈದು.

ಹದಿನಾರು.