ತಕಾಯಾಮಾದಲ್ಲಿ ಕಳೆದ ಲಿಂಗ

ಮೇಲವಂಕಿಯ ಅಪ್ಪಣ್ಣ ಜಪಾನಿಗೆ ಹೋದದ್ದು ಭತ್ತದ ಬೇಸಾಯ ಕಲಿಯಲು. ಆಗ ಊರೂರಲ್ಲಿ ‘ಜಪಾನಿ ಪದ್ಧತಿ’ಯದೇ ಮಾತು. ಹಳ್ಳದ ದಂಡೆಯ ಗದ್ದೆಯಲ್ಲಿ ಹಗ್ಗ ಹಿಡಿದು ಸಾಲಾಗಿ ಸಸಿ ನೆಟ್ಟು ಅವನು ಒಳ್ಳೆಯ ಬೆಳೆ ತೆಗೆದಿದ್ದ. 1957ರಲ್ಲಿ ಸರಕಾರದವರು ಕೆಲವು ರೈತರನ್ನು ಆರಿಸಿ ಕಳಿಸಿದಾಗ ಅವನ ಹೆಸರೂ ಬಂತು. ಹೊರಡುವ ದಿನ ತಾಯಿ ಶಿವವ್ವ ಹೆಚ್ಚೇನೂ ಹೇಳಲಿಲ್ಲ. ಎಲ್ಲೇ ಇರು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಬೇಡ ಎಂದಳು, ಅಷ್ಟೆ.

ಅಲ್ಲಿ ಅವನಿಗೆ ಸಿಕ್ಕಿದ್ದು ಬೆಟ್ಟಗಳ ನಡುವಿನ ಒಂದು ಹಳ್ಳಿ, ಶಿಮಾಡಾ ಎಂಬ ರೈತನ ಮನೆ. ಶಿಮಾಡಾನ ಹೆಂಡತಿ ತೊಮೆ, ಐವತ್ತು ದಾಟಿದ ಹೆಂಗಸು, ಅತಿಥಿ ಮೀನು ಮುಟ್ಟುವುದಿಲ್ಲ ಎಂದು ಗೊತ್ತಾದ ದಿನವೇ ಅವನಿಗಾಗಿ ಬೇರೆ ಪಾತ್ರೆ ತೆಗೆದಿಟ್ಟಳು. ಬೆಳಿಗ್ಗೆ ಅವನು ಅಂಗೈಯಲ್ಲಿ ಲಿಂಗವಿಟ್ಟು ಕೂತರೆ ಮೆಲ್ಲಗೆ ಬಾಗಿಲು ಸರಿಸಿ, ಮಕ್ಕಳು ಆ ಕಡೆ ಸುಳಿಯದಂತೆ ನೋಡಿಕೊಳ್ಳುತ್ತಿದ್ದಳು. ಅದೇನೆಂದು ಒಮ್ಮೆಯೂ ಕೇಳಿದವಳಲ್ಲ.

ಸುಗ್ಗಿ ಮುಗಿದ ಮೇಲೆ ಗಂಡಹೆಂಡಿರಿಬ್ಬರೂ ಅವನಿಗೆ ಪೇಟೆ ತೋರಿಸಲು ತಕಾಯಾಮಾಕ್ಕೆ ಕರೆದುಕೊಂಡು ಹೋದರು. ಸುತ್ತಲೂ ಬೆಟ್ಟ, ತುದಿಯಲ್ಲಿ ಆಗಲೇ ಹಿಮ. ನದಿಯ ದಂಡೆಗುಂಟ ಮುದುಕಿಯರು ಮೂಲಂಗಿ, ಗಜ್ಜರಿ, ಉಪ್ಪಿನಕಾಯಿ ಹರಡಿಕೊಂಡು ಕೂತಿದ್ದ ಸಂತೆ ನೋಡಿ ಅಪ್ಪಣ್ಣನಿಗೆ ಗೋಕಾವಿಯ ಸಂತೆ ನೆನಪಾಯಿತು. ಕೆಂಪು ಬಣ್ಣದ ಸೇತುವೆ ದಾಟಿದರು. ಹೊಗೆ ಹಿಡಿದು ಕಪ್ಪಾದ ಕಟ್ಟಿಗೆಯ ಮನೆಗಳ ಓಣಿಗಳಲ್ಲಿ ಅಡ್ಡಾಡಿದರು. ಗುಡ್ಡದ ಬುಡದ ಗುಡಿಗಳನ್ನು ನೋಡುತ್ತ ಮೆಟ್ಟಿಲು ಹತ್ತಿಳಿದರು. ಎಲ್ಲ ಕಡೆ ಹಳದಿ ಎಲೆಗಳ ರಾಶಿ.

ಮಧ್ಯಾಹ್ನ ಒಂದು ಗುಡಿಯ ಕಟ್ಟೆಯ ಮೇಲೆ ಕೂತು ತೊಮೆ ಬುತ್ತಿ ಬಿಚ್ಚಿದಳು. ಉಣ್ಣುವ ಮೊದಲು ಅಪ್ಪಣ್ಣನ ಕೈ ರೂಢಿಯಂತೆ ಎದೆಗೆ ಹೋಯಿತು. ಕೈಗೆ ಸಿಕ್ಕಿದ್ದು ಹರಿದ ದಾರ ಮಾತ್ರ. ಲಿಂಗವಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ.

ಅವನು ಅಂಗಿ, ಕೋಟು ಎಲ್ಲ ಜಾಡಿಸಿದ. ತಾನು ಕಲಿತ ಆ ದೇಶದ ನಾಲ್ಕು ಮಾತಿನಲ್ಲಿ ಇದನ್ನು ಹೇಳುವುದು ಹೇಗೆ? ಹರಿದ ದಾರ ತೋರಿಸಿ, ಬರಿಯ ಎಡಗೈ ಮುಂದೆ ಚಾಚಿದ. ಶಿಮಾಡಾನಿಗೆ ತಿಳಿಯಲಿಲ್ಲ. ತೊಮೆಗೆ ತಿಳಿಯಿತು. ಬಿಚ್ಚಿದ ಬುತ್ತಿಯನ್ನು ಮತ್ತೆ ಕಟ್ಟಿ ಅವಳು ಎದ್ದು ನಿಂತಳು.

ಬಂದ ದಾರಿಯಲ್ಲೇ ಹುಡುಕುತ್ತ ಹೊರಟರು. ತೊಮೆ ಕಂಡಕಂಡವರಿಗೆ ಹೇಳಿದಳು. ಸಂತೆಯ ಮುದುಕಿಯರು ತಮ್ಮ ಬುಟ್ಟಿ ಎತ್ತಿ ಕೆಳಗೆ ನೋಡಿದರು. ಎಲೆ ಗುಡಿಸುತ್ತಿದ್ದವರು ರಾಶಿ ಕೆದರಿ ಕೈಯಾಡಿಸಿದರು. ಯಾರೂ ಅದರ ಬೆಲೆ ಎಷ್ಟೆಂದು ಕೇಳಲಿಲ್ಲ. ಕತ್ತಲಾಯಿತು, ಊರಿನ ಬಸ್ಸೂ ಹೋಯಿತು. ಶಿಮಾಡಾ ಒಂದು ಸಣ್ಣ ವಸತಿಗೃಹದಲ್ಲಿ ಕೋಣೆ ಹಿಡಿದ. ಅಪ್ಪಣ್ಣ ಊಟವನ್ನೂ ನೀರನ್ನೂ ಮುಟ್ಟಲಿಲ್ಲ. ಲಿಂಗ ಕಳೆದುಕೊಂಡವನು ಬದುಕಬಾರದು ಎಂದು ಹಿರಿಯರು ಆಡುತ್ತಿದ್ದ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು.

ಬೆಳಗಾಗುತ್ತಲೇ ಮತ್ತೆ ಗುಡ್ಡಕ್ಕೆ ಹೋದರು. ಮೇಲಿನ ಗುಡಿಯ ಮೆಟ್ಟಿಲ ಬದಿಯಲ್ಲಿ ತೊಮೆ ಮೊಣಕಾಲೂರಿ ಒಂದೊಂದೇ ಎಲೆ ಸರಿಸುತ್ತಿದ್ದವಳು ಒಮ್ಮೆಲೇ ಕೈ ಹಿಂತೆಗೆದಳು. ಕರಡಿಗೆಯನ್ನು ಅವಳು ಮುಟ್ಟಲಿಲ್ಲ. ತಲೆಗೆ ಕಟ್ಟಿದ್ದ ಬಿಳಿ ವಸ್ತ್ರ ಬಿಚ್ಚಿ, ಎಲೆಗಳ ಸಮೇತ ಅದನ್ನು ವಸ್ತ್ರದೊಳಗೆ ತೆಗೆದುಕೊಂಡಳು. ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ತರುವವಳಂತೆ ನಿಧಾನ ನಡೆದು ಬಂದು ಅವನ ಮುಂದೆ ಬಾಗಿದಳು.

ಅಪ್ಪಣ್ಣ ಅತ್ತುಬಿಟ್ಟ. ಗುಡಿಯ ಪೂಜಾರಿ ಬಾವಿಯ ನೀರು ತಂದುಕೊಟ್ಟು ಜಗಲಿಯ ಮೇಲೆ ಜಾಗ ತೋರಿಸಿದ. ಪೂಜೆ ಮುಗಿಸಿ ಅಪ್ಪಣ್ಣ ಉಣ್ಣಲು ಕೂತ. ಅವನು ಉಂಡ ಮೇಲೆಯೇ ಎದುರಿಗೆ ಕೂತಿದ್ದ ತೊಮೆ ತನ್ನ ತುತ್ತಿಗೆ ಕೈ ಹಾಕಿದಳು. ನಿನ್ನೆಯಿಂದ ಅವಳೂ ಏನೂ ತಿಂದಿಲ್ಲ ಎಂದು ಶಿಮಾಡಾ ಹೇಳಿದಾಗಲೇ ಅವನಿಗೆ ಗೊತ್ತಾದದ್ದು.

ಊರಿಗೆ ಬಂದ ಮೇಲೆ ತಾಯಿಗೆ ಇದನ್ನು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ಮೊದಲು ಹೆಂಡತಿ ಕಾಶೆವ್ವನಿಗೆ ಹೇಳಿದ. ಅತ್ತೆಗೆ ಮುಚ್ಚಿಡುವುದು ಸರಿಯಲ್ಲ ಎಂದು ಅವಳೇ ಅವನನ್ನು ಒಲೆಯ ಮುಂದೆ ಕೂಡಿಸಿದಳು. ಶಿವವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎಲ್ಲ ಕೇಳಿದಳು.

“ಆಕಿ ನೀ ಉಂಡ ಮ್ಯಾಲೆ ಉಂಡ್ಲೇನು?”

“ಹೂಂನವ್ವಾ.”

ಶಿವವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಟ್ಟಿಗೆ ಕೈ ಹಾಕಿದಳು.

ಸುದ್ದಿ ಓಣಿಗೆ ಹಬ್ಬಿತು. ಪಕ್ಕದ ಮನೆಯ ಮಾಲಿಂಗಪ್ಪ, ವಯಸ್ಸಾದವನು, ಬಂದು ಕೂತು ತನ್ನ ಸಂಶಯ ಹೇಳಿದ. ಕಂಡರಿಯದವರ ಕೈಗೆ ಹೋಗಿ ಬಂದ ಲಿಂಗ ಅದು, ಅಯ್ಯನವರನ್ನು ಕರೆಸಿ ಹೊಸದು ಕಟ್ಟಿಸಿಕೊಳ್ಳುವುದೇ ಮೇಲು ಎಂದ.

“ಕಳಕೊಂಡಾವ ನನ್ನ ಮಗಾರಿ,” ಎಂದಳು ಶಿವವ್ವ. “ಉಪಾಸ ಇದ್ದು ಹುಡುಕಿ ಕೊಟ್ಟಾಕಿ ಆಕಿ. ಮೈಲಿಗಿ ಅಂತ ಆಗಿದ್ರ ಯಾರ ಕೈಯಾಗ ಆತು, ನೀವ ಹೇಳ್ರಿ.”

ಮಾಲಿಂಗಪ್ಪ ಆ ಹೆಂಗಸಿಗೆ ಮಕ್ಕಳೆಷ್ಟು ಎಂದು ಕೇಳಿ, ಚಹಾ ಕುಡಿದು ಎದ್ದು ಹೋದ.

ಆ ಬೇಸಿಗೆಯಲ್ಲಿ ಶಿವವ್ವ ಕೌದಿ ಹೊಲಿಯಲು ಕೂತಳು. ತನ್ನ ಹಳೆಯ ಸೀರೆ, ಕಾಶೆವ್ವನ ಕುಬಸದ ಅರಿವೆ, ಮಗನ ಧೋತರ ಎಲ್ಲ ಕೂಡಿಸಿ ಅತ್ತೆಸೊಸೆ ಎದುರುಬದುರು ಕೂತು ಹೊಲಿದರು. ಕೊನೆಯ ಮೂಲೆ ಮುಚ್ಚುವ ಮೊದಲು, ಕೌದಿಯ ಹೊಟ್ಟೆ ಬರಿದಿರಬಾರದೆಂದು ಅದರೊಳಗೆ ಹೋಳಿಗೆಯ ಒಂದು ಚೂರು ಇಟ್ಟು ಗಂಟು ಹಾಕಿದರು. ಅಪ್ಪಣ್ಣ ಅದನ್ನು ಗೋಕಾವಿಯ ಅಂಚೆ ಕಚೇರಿಗೆ ಒಯ್ದು ಹಡಗಿನ ಟಪಾಲಿಗೆ ಹಾಕಿ ಬಂದ.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಒಂದು ಫೋಟೋ ಬಂತು. ಶಿಮಾಡಾ, ತೊಮೆ ಇಬ್ಬರೂ ಮೊಣಕಾಲ ಮೇಲೆ ಮೇಲವಂಕಿಯ ಕೌದಿ ಹೊದ್ದು ಜಗಲಿಯಲ್ಲಿ ಕೂತಿದ್ದರು. ಹಿಂದೆ ಮಾಡು, ಗಿಡ, ಬೇಲಿ ಎಲ್ಲ ಬೆಳ್ಳಗೆ. ಶಿವವ್ವ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆ ಬಿಳಿಯೆಲ್ಲ ಹಿಮ ಎಂದು ಮಗನನ್ನು ಕೇಳಿ ತಿಳಿದುಕೊಂಡಳು.

“ಇಷ್ಟ ಥಂಡಿಗೆ ಒಂದು ಕೌದಿ ಎಲ್ಲಿ ಸಾಲತೈತಿ? ಕಾಶೆವ್ವಾ, ಹಳೀ ಸೀರಿ ಇನ್ನ ಅದಾವೇನು ನೋಡು,” ಎಂದಳು.