ಮುಂದಿನ ಸಾಲಿನ ಚಾಪೆ

ಲಟಕ್.

ಅಷ್ಟೇ ಸದ್ದು. ನಡುರಾತ್ರಿ ದಾಟಿ, ನಾಯಿಗಳೂ ಬೊಗಳಿ ಸುಸ್ತಾಗಿ ಮಲಗಿದ ಹೊತ್ತಿನಲ್ಲಿ, ಒಣಕಡ್ಡಿ ಮುರಿದ ಹಾಗೆ. ಸಿರಾ ಕಣ್ಣು ತೆರೆಯಲಿಲ್ಲ. ಅದು ಅವ್ವನ ಬಲ ಮೊಣಕಾಲು. ಇನ್ನೊಂದು ಲಟಕ್ ಕೇಳಿದರೆ ಎಡಗಾಲು. ಎರಡೂ ಆದವೆಂದರೆ ಅವ್ವ ಎದ್ದು ನಿಂತಳೆಂದೇ ಲೆಕ್ಕ.

ಎರಡನೆಯದೂ ಕೇಳಿಸಿತು.

"ಎಲ್ಲಿಗವ್ವಾ ಈ ಹೊತ್ನಲ್ಲಿ?"

"ದೊಡ್ಡಮನೇಲಿ ಕೂಗ್ದಂಗಾಯ್ತು ಕಣೆ."

"ಯಾರೂ ಕೂಗಿಲ್ಲ. ಮನಿಕ್ಕೊ."

"ಕಿಸ್ಸಿಮಪ್ಪ ಫ್ರಾನ್ಸಿಂದ ಬಂದವ್ನಲ್ಲ. ಆ ಮಗೀಗೆ ರಾತ್ರಿ ಹೊತ್ತು ಬಾಯಾರ್ತದೆ."

ಆ ಮಗುವಿಗೆ ಈಗ ನಲವತ್ತೊಂದು ವರ್ಷ. ಕಿಸ್ಸಿಮಾ, ಊರಿನ ಯಜಮಾನ ಫೋದಿಯೆಯ ಹಿರಿಮಗ. ಪ್ಯಾರಿಸ್ಸಿನ ಯಾವುದೋ ಹೋಟೆಲಿನಲ್ಲಿ ಅವನೇ ಇನ್ನೊಬ್ಬರ ಪಾತ್ರೆ ತೊಳೆಯುತ್ತಾನೆಂದು ಸುದ್ದಿಯಿತ್ತು. ಆದರೆ ಊರಿಗೆ ಬಂದ ಕೂಡಲೇ ತನ್ನ ನೀರನ್ನು ತಾನೇ ಬಗ್ಗಿಸಿಕೊಂಡು ಕುಡಿಯುವುದು ಅವನಿಗೆ ಮರೆತುಹೋಗುತ್ತಿತ್ತು. ಅದಕ್ಕೆ ಸಿರಾಳ ಅವ್ವ ನ್ಯಾಮೆ ಇದ್ದಳಲ್ಲ. ನ್ಯಾಮೆಯ ಅವ್ವ ದೊಡ್ಡಮನೆಯ ಕೋಮೊ ಆಗಿದ್ದಳು, ಅಂದರೆ ಆಳಲ್ಲ, ಮನೆಯ ಸೊತ್ತು, ಹುಟ್ಟಿದ ಮಕ್ಕಳೂ ಸೇರಿ. ಕಾಯಿದೆ ಅದನ್ನು ಎಂದೋ ತೆಗೆದುಹಾಕಿತ್ತಂತೆ. ಆ ಸುದ್ದಿ ರಾಜಧಾನಿಯಿಂದ ಹೊರಟದ್ದು ಇನ್ನೂ ದಾರಿಯಲ್ಲಿತ್ತು.

ರಾಜಧಾನಿಯಿಂದ ನಾಟಕ ಮಾತ್ರ ಬಂದು ಮುಟ್ಟಿತು. ದೀಪ, ಜನರೇಟರ್, ಹಲಗೆಗಳೊಂದಿಗೆ ವ್ಯಾನಿನಲ್ಲಿ ಬಂದ ಅದಾಮಾ ಎಂಬ ನಿರ್ದೇಶಕ ಯಜಮಾನನ ಜಗಲಿಯಲ್ಲಿ ಕೂತು ವಿವರಿಸಿದ. ನಾಟಕದ ಹೆಸರು 'ಹಿಂದೊಮ್ಮೆ ಕತ್ತಲಿತ್ತು'. ಬಿಳಿಯರ ಹಡಗಿಗೆ ನಮ್ಮ ಜನ ಮಾರಾಟವಾದ ಕಥೆ. ಊರವರೇ ಪಾತ್ರ ಮಾಡಬೇಕು. ಇದಕ್ಕೆ ದುಡ್ಡು ಕೊಟ್ಟ ಸಂಸ್ಥೆಯ ಮೇಡಂ ನೋಡಲು ಬರುತ್ತಾರೆ.

ರಾಜನಾಗಲು ಆರು ಜನ ಮುಂದೆ ಬಂದರು. ಹಡಗಿನ ಕಪ್ತಾನನಾಗಲು ಕಿಸ್ಸಿಮಾ ಒಪ್ಪಿದ, ಬೂಟುಗಳು ಅವನ ಬಳಿಯೇ ಇದ್ದವು. ಗುಲಾಮ ಹೆಂಗಸಿನ ಪಾತ್ರಕ್ಕೆ ಯಾರೂ ಬರಲಿಲ್ಲ.

"ನಮ್ಮನೆ ಹೆಣ್ಮಕ್ಳು ಅದನ್ನ ಆಡಾಕಾಯ್ತದಾ?" ಎಂದಳು ಯಜಮಾನನ ಹೆಂಡತಿ ಹಾತುಮಾ. "ನಾಳೆ ಮದುವೆ ಆಗೋ ಹುಡ್ಗೀರು. ಅದಕ್ಕೆ ಅಂತ್ಲೇ ಇರೋರು ಅವ್ರಲ್ಲ. ಏ ಸಿರಾ! ಪಾತ್ರೆ ಆಮ್ಯಾಕೆ ತಿಕ್ಕೀಯಂತೆ, ಬಾ ಇಲ್ಲಿ."

"ಅದಕ್ಕೆ ಅಂತಲೇ ಇರೋರು ಅಂದ್ರೆ?" ಅದಾಮಾ ಪೆನ್ನು ಎತ್ತಿ ಕೇಳಿದ.

"ಚೆನ್ನಾಗಿ ನಟನೆ ಮಾಡ್ತಾಳೆ ಅಂತ," ಎಂದ ಫೋದಿಯೆ, ರೆಪ್ಪೆ ಬಡಿಯದೆ.

ಸಿರಾ ಕೈಯ ಬೂದಿಯನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡಳು. ಮೂವತ್ತಾರು ವರ್ಷಗಳಲ್ಲಿ ಅವಳು ಆ ಜಗಲಿಯ ಮುಂದೆ ಒಂದು ಷರತ್ತನ್ನೂ ಇಟ್ಟವಳಲ್ಲ.

"ಆಡ್ತೀನಿ ಬುದ್ದೀ. ಆದ್ರೆ ನಾಟಕದ ದಿವ್ಸ ನಮ್ಮವ್ವ ಏನೂ ಹೊರಬಾರ್ದು. ಮುಂದಿನ ಸಾಲ್ನಾಗೆ ಚಾಪೆ ಮ್ಯಾಲೆ ಕುಂತು ನೋಡ್ಬೇಕು. ಮುಗಿಯೋಗಂಟ ಯಾರೂ ಅವಳನ್ನ ಏಳಿಸ್ಬಾರ್ದು."

ಹಾತುಮಾಳ ಹುಬ್ಬು ತಲೆವಸ್ತ್ರದೊಳಗೆ ಹೊಕ್ಕಿತು. ಆದರೆ ಅದಾಮಾ ಪೆನ್ನು ಹಿಡಿದೇ ಇದ್ದ.

"ಅಯ್ಯೋ, ಅದಕ್ಕೇನಂತೆ!" ಫೋದಿಯೆ ಹಲ್ಲು ಬಿಟ್ಟ. "ನಾವೆಲ್ಲ ಒಂದೇ ಮನೆಯೋರು."

ಆ ಒಂದೇ ಮನೆಯ ಮದುವೆ, ನಾಮಕರಣ, ಹಬ್ಬಗಳನ್ನೆಲ್ಲ ನ್ಯಾಮೆ ಎಪ್ಪತ್ತು ವರ್ಷ ಅನ್ನದ ಹಂಡೆಯ ಹಬೆಯ ಹಿಂದಿನಿಂದ ನೋಡಿದ್ದಳು. ಮದುಮಗಳ ಮುಖ ಹೇಗಿತ್ತೆಂದು ಯಾರಾದರೂ ಕೇಳಿದರೆ, "ಹೊಗೆ ಇತ್ತು ಕಣವ್ವ" ಎನ್ನುತ್ತಿದ್ದಳು.

ನಾಟಕದ ಸಂಜೆ ಮೇಡಂ ಊಟಕ್ಕೆಂದು ಆಡು ಕಡಿದು, ಜನರ ಹಿಂದೆ ದೊಡ್ಡಮನೆಯ ಬೇರೆ ಕೋಮೊ ಹೆಂಗಸರು ಒಲೆ ಹೂಡಿದ್ದರು. ನ್ಯಾಮೆ ಮಿಂದು, ನೀಲಿ ಬಟ್ಟೆ ಉಟ್ಟು ಬಂದು ಚಾಪೆಯ ಅಂಚಿನಲ್ಲಿ ಕೂತಳು. ಅರ್ಧ ಕುಂಡೆ ಚಾಪೆಯ ಮೇಲೆ, ಅರ್ಧ ಮರಳಿನ ಮೇಲೆ. ಸಿರಾ ಬಂದು ಭುಜ ಹಿಡಿದು ನಡುವಿಗೆ ಸರಿಸಿದಳು. ಪಕ್ಕದಲ್ಲಿದ್ದ ಹಾತುಮಾ ತನ್ನ ನಿಲುವಂಗಿಯ ಅಂಚನ್ನು ಒಳಗೆಳೆದುಕೊಂಡಳು. ತಿರಸ್ಕಾರವೇನಲ್ಲ. ಬಟ್ಟೆಗೆ ಗಂಜಿ ಹಾಕಿಸಿದ್ದಳು, ಅಷ್ಟೇ.

ಮೊದಲ ದೃಶ್ಯದಲ್ಲೇ ಊರು ಅತ್ತುಬಿಟ್ಟಿತು. ಹಗ್ಗ ಕಟ್ಟಿದ ಜನ ಸಾಲಾಗಿ ನಡೆದು ಬಂದಾಗ ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಂಡರು. ಮಸೀದಿಯ ಹಿರಿಯರು "ಮನುಷ್ಯರನ್ನ ದನದಂಗೆ ಮಾರಿದ್ರಲ್ಲಪ್ಪಾ, ಎಂಥಾ ಕಟುಕರು!" ಎಂದು ನಿಟ್ಟುಸಿರಿಟ್ಟರು. ಫೋದಿಯೆ ಕನ್ನಡಕ ತೆಗೆದು ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಖಾಲಿ ಚಹಾ ಲೋಟವನ್ನು ಹಿಂದಕ್ಕೆ ಚಾಚಿದ. ಹಿಂದೆ ನಿಂತಿದ್ದವರು ಯಾರೋ ಅದನ್ನು ತೆಗೆದುಕೊಂಡು, ತುಂಬಿ, ಮತ್ತೆ ಬೆರಳುಗಳ ನಡುವೆ ಇಟ್ಟರು. ಅವನು ತಿರುಗಿ ನೋಡುವ ಅಗತ್ಯ ಬೀಳಲಿಲ್ಲ. ಅಷ್ಟು ದುಃಖದಲ್ಲಿದ್ದ.

ಆಮೇಲೆ ಕಪ್ತಾನನ ದೃಶ್ಯ. ಕಿಸ್ಸಿಮಾ ಮುಖಕ್ಕೆ ಹಿಟ್ಟು ಬಳಿದುಕೊಂಡು, ಬೂಟು ಕುಟ್ಟುತ್ತ ಬಂದು ಕುರ್ಚಿಯ ಮೇಲೆ ಕೂತ. ಅವನ ಮಾತು ಒಂದೇ ಸಾಲು: "ಗುಲಾಮಳೇ, ನೀರು!" ಮೂರು ಸಲ ಕೂಗಬೇಕು. ಎರಡು ಸಲ ಸಿರಾ ಸೋರೆಬುರುಡೆಯಲ್ಲಿ ನೀರು ಕೊಡುತ್ತಾಳೆ. ಮೂರನೆಯ ಸಲ ನಿರಾಕರಿಸುತ್ತಾಳೆ. ಬಟ್ಟೆಯ ಚಾಟಿಯಿಂದ ಏಟು, ಸಿರಾ ಬಿದ್ದು ಸಾಯುತ್ತಾಳೆ, ದೀಪ ಮಂಕಾಗುತ್ತದೆ, ಹಾಡು. ಹದಿನೈದು ದಿನ ಹೀಗೇ ಅಭ್ಯಾಸ ನಡೆದಿತ್ತು.

ಆದರೆ ಮುಖದ ಮೇಲೆ ಬೆಳಕು, ಎದುರಿಗೆ ಇಡೀ ಊರು. ಕಿಸ್ಸಿಮಾನಿಗೆ ಆ ಒಂದು ಸಾಲು ತಪ್ಪಿತು. ಬಾಯಿ ತೆರೆದುಕೊಂಡೇ ಉಳಿಯಿತು. ಕೊನೆಗೆ ನಾಲಿಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು.

"ನ್ಯಾಮೇ! ನೀರು!"

ಸಿರಾಳ ಕೈ ಬುರುಡೆಯ ಮೇಲಿತ್ತು. ಅವಳು ಕದಲುವ ಮೊದಲೇ ಚಾಪೆಯಿಂದ ಕೇಳಿಸಿತು. ಲಟಕ್. ಲಟಕ್.

ನ್ಯಾಮೆ ಎದ್ದಿದ್ದಳು. ಕೂತವರ ನಡುವೆ ದಾರಿ ಮಾಡಿಕೊಂಡು ಹಿಂದಿನ ಒಲೆಗಳ ಕಡೆಗೆ ಹೋದಳು. ಎರಡೂ ಕೈಯಲ್ಲಿ ಇನ್ನೊಂದು ಸೋರೆಬುರುಡೆ ಹಿಡಿದು, ಒಂದು ಹನಿ ಚೆಲ್ಲದಂತೆ ವಾಪಸು ಬಂದಳು. ಹಲಗೆ ಹತ್ತಿ, ಆ ಮೊಣಕಾಲುಗಳನ್ನೇ ಮಡಿಸಿ ಕೂತು, ಬುರುಡೆಯನ್ನು ಮೇಲೆತ್ತಿ ಹಿಡಿದಳು. ಕಿಸ್ಸಿಮಾ ತೆಗೆದುಕೊಂಡ. ಕುಡಿದ. ಬುರುಡೆಯನ್ನು ಅವಳ ಕೈಗೇ ಕೊಟ್ಟು ಬಾಯೊರೆಸಿಕೊಂಡಾಗ ಅರ್ಧ ಮುಖದ ಹಿಟ್ಟು ಹೋಗಿ ಯಜಮಾನನ ಮಗ ಕಾಣಿಸಿಕೊಂಡ.

ಊರು ನಗುವಿನಲ್ಲಿ ಉರುಳಾಡಿತು.

"ನಾಟ್ಕ ಕಣಜ್ಜೀ ಅದು, ನಾಟ್ಕ!"

"ಬಿಡ್ರೋ, ಅಂಥ ನಿಯತ್ತು ಈಗಿನೋರ್ಗೆ ಎಲ್ಲೈತೆ?" ಎಂದಳು ಹಾತುಮಾ, ಈಗ ನಗುವಿನ ಕಣ್ಣೀರು ಒರೆಸಿಕೊಳ್ಳುತ್ತ.

ಸಂಸ್ಥೆಯ ಮೇಡಂ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅದ್ಭುತ! ಪ್ರೇಕ್ಷಕರ ನಡುವಿನಿಂದಲೇ ಪಾತ್ರ ಬರೋದು! ಏನು ಕಲ್ಪನೆ!" ಪರದೆಯ ಪಕ್ಕದಲ್ಲಿ ಅದಾಮಾ ಒಂದು ಗಳಿಗೆ ಕಕ್ಕಾಬಿಕ್ಕಿಯಾದ. ಆಮೇಲೆ ಎದೆಯ ಮೇಲೆ ಕೈಯಿಟ್ಟು ಬಾಗಿದ. ಹೊಗಳಿಕೆ ಯಾರ ಮನೆಗೆ ಬಂದರೂ ಬಾಗಿಲು ತೆರೆದೇ ಇರುತ್ತದೆ.

ಹಿಂದೆ, ಒಲೆಗಳ ಬಳಿ ನಿಂತವರು ಮಾತ್ರ ನಗಲಿಲ್ಲ. ಒಬ್ಬಳು ಸೌಟನ್ನು ನಿಧಾನವಾಗಿ ಕೆಳಗಿಟ್ಟಳು.

ಚಪ್ಪಾಳೆಯಿಂದ ಕಿಸ್ಸಿಮಾನಿಗೆ ಮರೆತ ಸಾಲು ನೆನಪಾಯಿತು. ಸಿರಾಳತ್ತ ತಿರುಗಿ ಗುಡುಗಿದ: "ಗುಲಾಮಳೇ, ನೀರು!"

ಇದಿನ್ನೂ ಎರಡನೆಯ ಕೂಗು. ಮೂರನೆಯದಕ್ಕೆ ಅದಾಮಾ ಬರೆದುಕೊಟ್ಟಿದ್ದ ಉತ್ತರ ಉದ್ದವಾಗಿತ್ತು, ಅದರಲ್ಲಿ ಸೂರ್ಯನೂ ಸಾಗರವೂ ಇದ್ದವು. ಸಿರಾಳಿಗೆ ಅವ್ಯಾವೂ ನೆನಪಾಗಲಿಲ್ಲ. ಇನ್ನೂ ಮೊಣಕಾಲೂರಿ ಕೂತೇ ಇದ್ದ ಅವ್ವನನ್ನು ನೋಡಿದಳು.

"ತರಾಕಿಲ್ಲ."

ಬಟ್ಟೆಯ ಚಾಟಿ ಬಿತ್ತು. ಸಿರಾ ನಿಂತೇ ಇದ್ದಳು. ಇನ್ನೊಂದು ಬಿತ್ತು.

"ಬೀಳೇ," ಕಿಸ್ಸಿಮಾ ಹಲ್ಲಿನ ಸಂದಿಯಲ್ಲಿ ಹೇಳಿದ. "ಇಲ್ಲಿ ಬೀಳ್ಬೇಕು ನೀನು."

ಅವಳು ಬೀಳಲಿಲ್ಲ.

"ಏಯ್, ಬೀಳೇ!" ಮುಂದಿನ ಸಾಲಿನಿಂದ ಯಾರೋ ಕೂಗಿದರು. "ಬಿದ್ದು ಸಾಯೇ ಮುಂಡೆ, ಹೊತ್ತಾಯ್ತದೆ!" ಈಗಷ್ಟೇ ಗುಲಾಮರಿಗಾಗಿ ಮೂಗೊರೆಸಿಕೊಂಡಿದ್ದ ಗಂಟಲುಗಳೇ ಅವು. ಫೋದಿಯೆ ಚಹಾ ಚೆಲ್ಲಿಕೊಂಡು ಎದ್ದು ನಿಂತ. "ಬೀಳು ಅಂದ್ರೆ ಬೀಳ್ಬೇಕು! ಯಾರ ಮುಂದೆ ನೆಟ್ಟಗೆ ನಿಂತಿದ್ದೀಯ, ಗ್ಯಾನ ಐತಾ?"

"ಎಷ್ಟು ತನ್ಮಯರಾಗಿದ್ದಾರೆ ನೋಡಿ!" ಎಂದರು ಮೇಡಂ.

ಸಿರಾ ಅವ್ವನ ಕೈಯಿಂದ ಬುರುಡೆಯನ್ನು ತೆಗೆದು ಕಪ್ತಾನನ ಬೂಟಿನ ಪಕ್ಕದಲ್ಲಿಟ್ಟಳು. ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಹಲಗೆ ಇಳಿಸಿದಳು. ಚಾಪೆಯ ಮೇಲೆ ನ್ಯಾಮೆ ಕೂತಿದ್ದ ಜಾಗದಲ್ಲಿ ಅಷ್ಟರಲ್ಲೇ ಹಾತುಮಾಳ ಕೈಚೀಲ ಕೂತಿತ್ತು. ಸಿರಾ ಅದನ್ನೆತ್ತಿ ಮರಳಿನ ಮೇಲಿಟ್ಟಳು.

"ಕುಂತ್ಕೊ ಅವ್ವಾ."

"ಬ್ಯಾಡ ಕಣೆ, ಎಲ್ರೂ ನೋಡ್ತಾವ್ರೆ."

"ನೋಡಾಕೇ ಬಂದವ್ರೆ. ಕುಂತ್ಕೊ."

ನ್ಯಾಮೆ ಕೂತಳು. ವೇದಿಕೆಯ ಮೇಲೆ ಸಾಯಬೇಕಾದವಳು ಸಾಯದೆ ಹೋದದ್ದರಿಂದ ದೀಪ ಯಾವಾಗ ಮಂಕು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಜನರೇಟರೇ ಕೆಮ್ಮಿ ನಿಂತಿತು. ಟಾರ್ಚಿನ ಬೆಳಕಿನಲ್ಲಿ ಮೇಡಂ ಭಾಷಣ ಮಾಡಿ, ಗುಲಾಮಗಿರಿಯನ್ನು ಇತಿಹಾಸಕ್ಕೆ ಕಳಿಸಿಕೊಟ್ಟ ಈ ಊರನ್ನು ಅಭಿನಂದಿಸಿದರು. ಮುದುಕಿ ನೀರು ತರುವ ದೃಶ್ಯ ಮುಂದಿನ ಊರಿನಲ್ಲೂ ಇರಲಿ ಎಂದು ಅದಾಮಾನಿಗೆ ಹೇಳಿದರು.

ಮೇಡಂ ಕಾರು ಹತ್ತಿದ ಮೇಲೆ ಫೋದಿಯೆ ಒಲೆಗಳ ಬಳಿ ನಿಂತಿದ್ದ ತಾಯಿ ಮಗಳ ಹತ್ತಿರ ಬಂದ.

"ನಾಳೆ ಬೆಳಗಿನ ಜಾವಕ್ಕೆ ಇಬ್ರೂ ಬರ್ಬೇಕು. ನಮ್ಮನೆ ಹುಡ್ಗಿ ಮದುವೆ ಕೆಲ್ಸ ಐತೆ. ಚಾಪೆ ಗೀಪೆ ಎಲ್ಲಾ ನಾಟ್ಕದ್ದು. ನಾಟ್ಕ ಮುಗೀತು. ಬರ್ದೆ ಹೋದ್ರೆ ಬಾವಿ ಹಗ್ಗ ಅದೆಂಗೆ ಮುಟ್ಟೀರೋ ನೋಡ್ತೀನಿ."

"ಬೈಬ್ಯಾಡಿ ಬಿಡ್ರೀ, ಹುಡ್ಗಿ ಚೆನ್ನಾಗೇ ಆಡಿದ್ಲು," ಎಂದಳು ಹಾತುಮಾ ಉದಾರವಾಗಿ. "ಅವ್ಳಿಗದು ತಾನಾಗೇ ಬತ್ತದೆ. ಏ ಸಿರಾ, ಆಡಿನ ತಲೆ ಮತ್ತೆ ಕಾಲು ನಿಂಗೇ, ತಗೊಂಡೋಗು."

ಸಿರಾ ತಲೆಯನ್ನೂ ಕಾಲನ್ನೂ ಅಲ್ಲೇ ಬಿಟ್ಟು ಅವ್ವನ ಕೈ ಹಿಡಿದು ಹೊರಟಳು.

ಅರ್ಧ ದಾರಿಯಲ್ಲಿ ನ್ಯಾಮೆ ನಿಂತಳು.

"ಅಭ್ಯಾಸದಾಗೆ ಎದ್ದೆ ಅಂದ್ಕೊಂಡ್ಯಾ?"

ಸಿರಾ ಅವಳ ಮುಖದತ್ತ ತಿರುಗಿದಳು.

"ಎಲ್ರೂ ಅಂಗೇ ಅಂದ್ಕಂಡವ್ರೆ. ನಕ್ಕರು, ನಗ್ಲಿ." ಅವ್ವ ಹತ್ತಿರ ಸರಿದು ದನಿ ತಗ್ಗಿಸಿದಳು. "ಕುಡಿಯೋ ನೀರಿನ ಮಡಿಕೆ ಬಲಗಡೆ ಇತ್ತಾ? ನಾನು ಎಡಗಡೆಯಿಂದ ತಂದೆ. ಸಾಯಂಕಾಲ ನೀನು ಆಡಿನ ಕರುಳು ತೊಳೆದ್ಯಲ್ಲ, ಆ ಬೋಗುಣಿಯಿಂದ. ಗಟಗಟ ಅಂತ ಕುಡ್ದ ಕಣೆ! ಕುಡ್ದು ಬಾಯಿ ಬೇರೆ ಒರೆಸ್ಕೊಂಡ!"

ಅವಳು ನಕ್ಕಳು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಕತ್ತಲಿನಲ್ಲಿ ಜೋರಾಗಿ, ಭುಜ ಅಲುಗುವಂತೆ. ಅವ್ವನ ನಗೆ ಹೀಗಿರುತ್ತದೆಂದು ಸಿರಾಳಿಗೆ ಗೊತ್ತೇ ಇರಲಿಲ್ಲ.

"ನಾಳೆ ನಾನು ಹೋಗಾಕಿಲ್ಲ," ಎಂದಳು ನ್ಯಾಮೆ. "ಕೂಗ್ಲಿ, ಗಂಟ್ಲು ಹರ್ಕೊಂಡು ಕೂಗ್ಲಿ. ಬಾವಿ ಹಗ್ಗ ಅವ್ರಪ್ಪಂದಾ? ಆ ಬಾವಿ ತೋಡ್ದೋನು ನಮ್ಮಪ್ಪ. ಹೋಗಾಕಿಲ್ಲ ಅಂದ್ರೆ ಹೋಗಾಕಿಲ್ಲ. ನೀನೂ ಹೋಗ್ಬ್ಯಾಡ."

"ಹೋಗಾಕಿಲ್ಲ ಕಣವ್ವಾ."

"ಒಲೆ ತಾವ ಇದ್ದೋರ್ಗೆ ಬೆಳಗ್ಗೆ ಹೇಳ್ತೀನಿ. ಪಾಪ, ತಲೆ ತಗ್ಗಿಸ್ಕೊಂಡು ನಿಂತಿದ್ರು. ಅವ್ರೂ ಒಂದ್ಕಿತ ನಗ್ಲಿ."

ಅವ್ವ ಮುಂದೆ ನಡೆದಳು, ಮಗಳ ಕೈ ಬಿಟ್ಟು. ಸಿರಾ ಎರಡು ಹೆಜ್ಜೆ ಹಿಂದೆ ಉಳಿದಳು. ವೇಷ ಹಾಕಿಕೊಳ್ಳುವ ಮೊದಲು ಆ ಬೋಗುಣಿಯ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದವಳು ಅವಳೇ. ಬೂದಿ ಹಾಕಿ ತಿಕ್ಕಿ, ಗೋಡೆಯ ಬದಿಗೆ ಬೋರಲು ಹಾಕಿದ್ದಳು. ಈಗ ಹೊರಡುವಾಗಲೂ ಅದು ಹಾಗೇ, ಒಣಗಿ, ಬೋರಲಾಗಿತ್ತು. ಕಿಸ್ಸಿಮಾ ಕುಡಿದದ್ದು ಮಡಿಕೆಯ ತಣ್ಣನೆಯ ನೀರನ್ನೇ, ನಲವತ್ತೊಂದು ವರ್ಷದಿಂದ ಕುಡಿದದ್ದನ್ನೇ.

ಮುಂದೆ ಕತ್ತಲಿನಲ್ಲಿ ಅವ್ವ ಇನ್ನೂ ನಗುತ್ತಿದ್ದಳು.

ಬೋಗುಣಿಯ ವಿಷಯವನ್ನು ಯಾರಿಗೂ ಹೇಳಬಾರದೆಂದು ಸಿರಾ ತೀರ್ಮಾನಿಸಿದಳು. ಬೆಳಿಗ್ಗೆ ಕೇಳಲು ಬರುವ ಹೆಂಗಸರಿಗೂ ಇಲ್ಲ, ಅವ್ವನಿಗಂತೂ ಇಲ್ಲವೇ ಇಲ್ಲ.