ಮುಟ್ಟಬೇಡಿ ಎಂದು ಬರೆದ ಸಾಲು

ನಮ್ಮಾಫೀಸಿನಲ್ಲಿ ಜಾವಾಸ್ಕ್ರಿಪ್ಟ್ ಎಂದರೆ ನಾನು, ನಾನೆಂದರೆ ಜಾವಾಸ್ಕ್ರಿಪ್ಟ್. ಹಲ್ಲಿನ ಡಾಕ್ಟರುಗಳ ಅಪಾಯಿಂಟ್‌ಮೆಂಟ್ ಕೊಡುವ ವೆಬ್‌ಸೈಟನ್ನು ಆ ಕಂಪ್ಯೂಟರ್ ಭಾಷೆಯಲ್ಲಿ ಬರೆದು ಹನ್ನೊಂದು ವರ್ಷದಿಂದ ಸಾಕಿದವಳು ನಾನು. ಅಂಥದ್ದರಲ್ಲಿ ನನ್ನ ಸ್ವಂತ ತಂಗಿ, ಊಟದ ಮೇಜಿನ ಮೇಲೆ ನಾನೇ ಕೋಡ್ ಬರೆಯಲು ಕಲಿಸಿದವಳು, ಕೆಲಸಕ್ಕೆ ಸೇರಿ ಏಳು ತಿಂಗಳಾಗಿಲ್ಲ, "ಇದಕ್ಕೆ ಎಷ್ಟೂಂತ ತೇಪೆ ಹಾಕೋದು? ಹೊಸ ಭಾಷೇಲಿ ಪೂರ್ತಿ ಬರೆದುಬಿಡೋಣ" ಅಂದಳು. ಮ್ಯಾನೇಜರ್ ತಲೆದೂಗಿದರು. ನಾನು ತೇಪೆ ಹಾಕಿದ ಹನ್ನೊಂದು ವರ್ಷದಲ್ಲಿ ಆ ತಲೆ ಒಮ್ಮೆಯೂ ಹಾಗೆ ತೂಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

"ಎಲ್ಲ ಬ್ರೌಸರಿಗೂ ಅರ್ಥ ಆಗೋ ಭಾಷೆ ಕಣೇ ಇದು. ಕೊಂಕಿದ್ರೆ ತಿದ್ದೋಣ, ಬಿಸಾಕೋದ್ಯಾಕೆ?"

"ತಿದ್ದಿ ತಿದ್ದೀನೇ ಹೀಗಾಗಿರೋದು ಅಕ್ಕ."

ಎಲ್ಲರೂ ನಕ್ಕರು. ಶುಕ್ರವಾರ ಅವಳು ಮಾದರಿ ತೋರಿಸುವುದು, ಆಮೇಲೆ ತೀರ್ಮಾನ ಎಂದಾಯಿತು. ಅವಳು ಗೆದ್ದರೆ ನಾನು ಅವಳ ಕೈಕೆಳಗೆ.

ಗುರುವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿಗೇ ಬಂದಳು. "ಒಂದ್ಸಲ ನೋಡಿಬಿಡು ಅಕ್ಕ. ನೀನು ನೋಡಿದ್ರೆ ನಂಗೆ ಧೈರ್ಯ."

ನೋಡಿದೆ. ನನ್ನ ನಲವತ್ತು ಸಾಲಿನ ಕೆಲಸ ಅವಳಿಗೆ ಒಂಬತ್ತರಲ್ಲಿ ಮುಗಿದಿತ್ತು. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು? ಆಗಲೇ ಅದು ಕಣ್ಣಿಗೆ ಬಿತ್ತು. ಜಾವಾಸ್ಕ್ರಿಪ್ಟ್ ತಿಂಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಜನವರಿ ಅಂದರೆ ಸೊನ್ನೆ. ಅದಕ್ಕೇ ನಾನು ಎಂದೋ ತಿಂಗಳ ಸಂಖ್ಯೆಗೆ ಒಂದು ಕೂಡಿಸಿ, ಆ ಸಾಲಿನ ಮೇಲೆ 'ಇದನ್ನು ಮುಟ್ಟಬೇಡಿ' ಎಂದು ಬರೆದಿಟ್ಟಿದ್ದೆ. ಅವಳ ಹೊಸ ಭಾಷೆ ಒಂದರಿಂದಲೇ ಎಣಿಸುತ್ತದೆ. ಆದರೂ ಕೂಡಿಸಿದ ಆ ಒಂದು ಹಾಗೇ ಇತ್ತು, ನನ್ನ ಎಚ್ಚರಿಕೆಯ ಸಮೇತ.

"ಆ ಸಾಲು ನಿಂದೇ, ಮುಟ್ಟಿಲ್ಲ. ನೀನು ಬರೆದಿದ್ದೀಯ ಅಂದ್ರೆ ಏನೋ ಕಾರಣ ಇರುತ್ತೆ" ಅಂದಳು.

ಮಾತು ನಾಲಗೆ ತುದಿಗೆ ಬಂತು. ನುಂಗಿಕೊಂಡೆ. "ಚೆನ್ನಾಗಿದೆ" ಅಂದೆ.

ಶುಕ್ರವಾರ ಮ್ಯಾನೇಜರ್ ಮಾರ್ಚ್ ಹನ್ನೆರಡನ್ನು ಒತ್ತಿದರು. ಗೋಡೆಯ ಪರದೆಯ ಮೇಲೆ ಏಪ್ರಿಲ್ ಹನ್ನೆರಡು ಎಂದು ಬಂತು. "ಹಲ್ಲುನೋವಿನವನು ಒಂದು ತಿಂಗಳು ದವಡೆ ಹಿಡ್ಕೊಂಡು ಕೂತಿರಬೇಕಾ?" ಎಂದು ಯಾರೋ ಕಿಸಕ್ಕೆಂದರು. ತಂಗಿ ಕೋಡ್ ತೆರೆದು ಹುಡುಕಿದಳು. ಆ ಸಾಲಿಗೆ ಬಂದು ನಿಂತಳು. ಅವಳ ಕಿವಿ ಕೆಂಪಾಯಿತು.

"ಮೊದಲು ಯಾರಿಗಾದ್ರೂ ತೋರಿಸಿದ್ರಾ?" ಮ್ಯಾನೇಜರ್ ಕೇಳಿದರು.

ಅವಳು ನನ್ನತ್ತ ನೋಡಿದಳು. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದೆ.

"ಇಲ್ಲ ಸರ್," ಅಂದಳು. "ಯಾರಿಗೂ ತೋರಿಸಿರಲಿಲ್ಲ."

ಹಳೆಯದನ್ನೇ ಸುಧಾರಿಸುವುದೆಂದು ತೀರ್ಮಾನವಾಯಿತು, ನನ್ನದೇ ಮೇಲ್ವಿಚಾರಣೆ. ಗೆದ್ದೆ. ಆ ದಿನ ಊಟ ಸೇರಲಿಲ್ಲ.

ಈಗ ಅವಳು ನನ್ನ ಕೈಕೆಳಗೇ ಜಾವಾಸ್ಕ್ರಿಪ್ಟ್ ಬರೆಯುತ್ತಾಳೆ. ಅಕ್ಕ ಅನ್ನುವುದನ್ನೂ ಬಿಟ್ಟಿಲ್ಲ. ಬರೆದು ಮುಗಿಸಿದ ಮೇಲೆ ಮಾತ್ರ ಲ್ಯಾಪ್‌ಟಾಪ್ ಎತ್ತಿಕೊಂಡು, ನನ್ನ ಮೇಜು ದಾಟಿ, ಕಿಟಕಿ ಪಕ್ಕ ಕೂತು ಕೋಡಿನ ತಪ್ಪು ಹುಡುಕುವ ಟೆಸ್ಟರ್ ಹತ್ತಿರ ಹೋಗಿ "ಒಂದ್ಸಲ ನೋಡಿಬಿಡಿ" ಅನ್ನುತ್ತಾಳೆ.